ಆರ್ಟ್ ಕಾಲೇಜು ಫೈನಲ್ ಇಯರ್‌ನವ್ರಿಗೆ: ಇಯರ್‌ಬುಕ್ಕು, ಎಕ್ಸಿಬಿಷನ್ ಡಿಸೈನು ಎರಡನ್ನೂ ಒಟ್ಟಿಗೆ ಮಾಡೋದು ಹೇಗೆ

ಕೊನೇ ಸೆಮಿಸ್ಟರ್ ಶುರುವಾಗ್ತಿದ್ದ ಹಾಗೇ ಬಿವಿಎ (ದೃಶ್ಯಕಲೆ ಪದವಿ) ಕ್ಲಾಸ್‌ನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಹುಟ್ಕೊಳತ್ತೆ, ಅದ್ರಲ್ಲಿ ಬರೋ ಮೊದಲ ಮೆಸೇಜೇ "ಲೋಗೋ ಯಾರು ಮಾಡ್ತೀರಾ" ಅಂತ. ಅಪ್ಲೈಡ್ ಆರ್ಟ್‌ನವ್ರು ಇಬ್ರು ಮೂವರು ಒಂದೊಂದು ಮಾಡಿ ಹಾಕ್ತಾರೆ, ವೋಟಿಂಗ್ ನಡೆಯತ್ತೆ, ಜಗಳ ಆಗತ್ತೆ, ಯಾವ್ದೋ ಒಂದು ಗೆಲ್ಲತ್ತೆ, ಆಮೇಲೆ ಅದನ್ನ ಪುಸ್ತಕದಲ್ಲಿ ಎಲ್ಲಿಡೋದು, ಪೋಸ್ಟರ್‌ನಲ್ಲಿ ಎಲ್ಲಿಡೋದು ಅಂತ ಯಾರಿಗೂ ಗೊತ್ತಾಗದೆ ಮೂಲೇಲಿ ಒಂದ್ಕಡೆ ಅಂಟಿಸಿ ಕೈ ತೊಳ್ಕೊಳ್ತಾರೆ. ನಾನು ಹೇಳೋ ದಾರಿ ಇದಕ್ಕೆ ಉಲ್ಟಾ. ಲೋಗೋ ಸದ್ಯಕ್ಕೆ ಬಿಡಿ. ಪುಸ್ತಕದಲ್ಲೂ ಗೋಡೆ ಮೇಲೂ ಮತ್ತೆ ಮತ್ತೆ ಬರೋದು ಮೂರೇ ಮೂರು: ಹುಡುಗ ಹುಡುಗೀರ ಹೆಸರು, ಅವ್ರ ಕೆಲಸ, ಕೆಲಸದ ಕೆಳಗಿನ ಕ್ಯಾಪ್ಷನ್. ಈ ಮೂರು ಎರಡೂ ಕಡೆ ಒಂದೇ ಥರ ಕೂತ್ರೆ ಬ್ರ್ಯಾಂಡಿಂಗ್ ಮುಕ್ಕಾಲು ಪಾಲು ಮುಗೀತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವ್ರಾಗ್ಲಿ, ಮೈಸೂರಿನ ಕಾವಾ ಕಲಾ ಕಾಲೇಜಿನವ್ರಾಗ್ಲಿ, ದಾವಣಗೆರೆ ದೃಶ್ಯಕಲಾ ಕಾಲೇಜಿನವ್ರಾಗ್ಲಿ, ದುಡ್ಡು ಎಷ್ಟಿದೆ ಅನ್ನೋದು ಬೇರೆ ಬೇರೆ ಇರ್ಬಹುದು, ಕೆಲಸದ ಕ್ರಮ ಮಾತ್ರ ಇದೇ.

ಮೊದಲು ಹೆಸರಿನ ಪಟ್ಟಿ

ಒಂದು ಗೂಗಲ್ ಶೀಟ್ ತೆಗೀರಿ. ರೋಲ್ ನಂಬರ್, ಕನ್ನಡದಲ್ಲಿ ಹೆಸರು, ಇಂಗ್ಲಿಷ್‌ನಲ್ಲಿ ಹೆಸರು, ವಿಭಾಗ, ಊರು, ಫೋನು, ಕೃತಿಗಳ ವಿವರ. ಕನ್ನಡದ ಹೆಸರನ್ನ ನೀವು ಟೈಪ್ ಮಾಡ್ಬೇಡಿ, ಅವರವರ ಕೈಲೇ ಮಾಡ್ಸಿ. ಪ್ರಿಯಾಂಕನೋ ಪ್ರಿಯಾಂಕಾನೋ, ವೀಣಾಗೆ ಣ ಇದ್ಯಾ, ಮಂಜುನಾಥನಿಗೆ ಇನಿಷಿಯಲ್ ಮುಂದೆ ಬೇಕಾ ಹಿಂದೆ ಬೇಕಾ, ಎಚ್ ಅಂತ ಬರೀತಾನಾ ಹೆಚ್ ಅಂತ ಬರೀತಾನಾ, ಇದೆಲ್ಲ ಅವನಿಗೇ ಗೊತ್ತು. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಕನ್ನಡಕ್ಕೆ ತಂದ್ರೆ ಲ ಇದ್ದದ್ದು ಳ ಆಗತ್ತೆ, ದ ಇದ್ದದ್ದು ಡ ಆಗತ್ತೆ, ಅಪ್ಪ ಅಮ್ಮ ಬಂದು ಪುಸ್ತಕ ಬಿಡಿಸಿ ನೋಡೋ ಮೊದಲ ಪುಟದಲ್ಲೇ ಮಗಳ ಹೆಸರು ತಪ್ಪಿರತ್ತೆ. ಪಟ್ಟಿ ಫೈನಲ್ ಆದ್ಮೇಲೆ ಒಂದು ಪ್ರಿಂಟ್ ತೆಗ್ದು ಕ್ಲಾಸ್‌ನಲ್ಲಿ ಓಡಾಡ್ಸಿ, ಪ್ರತಿಯೊಬ್ರ ಹತ್ರನೂ ಹೆಸರಿನ ಮುಂದೆ ಸೈನ್ ಹಾಕಿಸ್ಕೊಳಿ. ನಗ್ತಾರೆ, ನಗ್ಲಿ. ಆ ಶೀಟ್‌ನಲ್ಲಿ ಇರೋದನ್ನ ಮಾತ್ರ ಪುಸ್ತಕಕ್ಕೆ, ಲೇಬಲ್‌ಗೆ, ಪೋಸ್ಟರ್‌ಗೆ, ಸರ್ಟಿಫಿಕೇಟ್‌ಗೆ ಕಾಪಿ ಪೇಸ್ಟ್ ಮಾಡಿ, ಎಲ್ಲೂ ಹೊಸದಾಗಿ ಟೈಪ್ ಮಾಡೋ ಹಾಗಿಲ್ಲ ಅಂತ ರೂಲ್ ಮಾಡ್ಕೊಳಿ.

ಕ್ರಮ ಕೂಡ ಇಲ್ಲೇ ತೀರ್ಮಾನ ಮಾಡಿ. ವಿಭಾಗದ ಪ್ರಕಾರ ಇಟ್ರೆ ಪೇಂಟಿಂಗ್‌ನವ್ರು ಮುಂದೆ, ಅಚ್ಚುಕಲೆ ಮತ್ತೆ ಆರ್ಟ್ ಹಿಸ್ಟರಿಯವ್ರು ಬಾಲದಲ್ಲಿ, ಪ್ರತಿ ವರ್ಷದ ಗೋಳು ಅದು. ಅದಕ್ಕಿಂತ ಎಲ್ಲರನ್ನೂ ಸೇರ್ಸಿ ಅ ಆ ಇ ಈ ಕ್ರಮದಲ್ಲಿ ಇಡಿ, ವಿಭಾಗನ ಬಣ್ಣದಲ್ಲೋ ಪುಟದ ಅಂಚಿನಲ್ಲಿ ಒಂದು ಪಟ್ಟಿಯಲ್ಲೋ ತೋರ್ಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ರೆ ಶೀಟೇ ಸುಮಾರಾಗಿ ಸರಿ ಸಾರ್ಟ್ ಮಾಡತ್ತೆ, ಆಮೇಲೆ ಒಂದ್ಸಲ ಕಣ್ಣಾಡ್ಸಿದ್ರೆ ಸಾಕು.

ಪುಸ್ತಕ ಶೋಗೆ ಮುಂಚೆ ಬೇಕು, ಕೆಲಸ ಮುಗಿಯೋದು ಶೋ ಹಿಂದಿನ ರಾತ್ರಿ

ಇದು ಎಲ್ಲಾ ಬ್ಯಾಚಿಗೂ ಬರೋ ಅಸಲಿ ತೊಂದ್ರೆ. ಪ್ರೆಸ್‌ನವ್ರಿಗೆ ಫೈಲ್ ಕೊಡೋ ಹೊತ್ತಿಗೆ ದೊಡ್ಡ ಕ್ಯಾನ್ವಾಸ್ ಅರ್ಧ ಆಗಿರತ್ತೆ, ಶಿಲ್ಪಕಲೆಯವ್ರ ಫೈಬರ್ ಇನ್ನೂ ಮೋಲ್ಡ್‌ನಲ್ಲೇ ಇರತ್ತೆ. ಆತುರಕ್ಕೆ ಬಿದ್ದು ಅರ್ಧ ಆದ ಕೆಲಸಾನೇ ಫೋಟೋ ಹೊಡ್ದು ಫೈನಲ್ ಅಂತ ಹಾಕ್ಬಿಡ್ತಾರೆ, ನೋಡೋಕೆ ಪಾಪ ಅನ್ಸತ್ತೆ.

ದಾರಿ ಎರಡಿದೆ. ಒಂದು, ಪುಸ್ತಕನ ಶೋ ಆದ್ಮೇಲೆ ತರೋದು, ಆಗ ಡಿಸ್‌ಪ್ಲೇ ಫೋಟೋನೂ ಸಿಗತ್ತೆ, ಆದ್ರೆ ಎಲ್ಲರೂ ಊರಿಗೆ ಹೋದ್ಮೇಲೆ ದುಡ್ಡು ಕಲೆಕ್ಟ್ ಮಾಡೋದೂ ಪುಸ್ತಕ ತಲುಪ್ಸೋದೂ ಎರಡೂ ಆಗಲ್ಲ, ಹಂಗಾಗಿ ನಾನು ಇದನ್ನ ರೆಕಮಂಡ್ ಮಾಡಲ್ಲ. ಎರಡನೇದು, ಪುಸ್ತಕನೇ ಸ್ಟುಡಿಯೋ ಕಥೆ ಹೇಳೋ ಹಾಗೆ ಪ್ಲಾನ್ ಮಾಡೋದು. ಒಬ್ಬೊಬ್ರಿಗೆ ಎರಡು ಪುಟ ಅಂದ್ರೆ, ಒಂದು ಪುಟದಲ್ಲಿ ಈಗಾಗ್ಲೇ ಮುಗಿದಿರೋ ಒಂದು ಒಳ್ಳೆ ಕೆಲಸ, ಇನ್ನೊಂದು ಪುಟದಲ್ಲಿ ನಡೀತಿರೋ ಕೆಲಸದ ಕ್ಲೋಸಪ್, ಸ್ಕೆಚ್‌ಬುಕ್ಕಿನ ಒಂದು ಹಾಳೆ, ನಾಲ್ಕು ಸಾಲು ಮಾತು. ಶೋ ಓಪನ್ ಆದ ದಿನ ಸಂಜೆ ಡಿಸ್‌ಪ್ಲೇ ಫೋಟೋ ತೆಗ್ದು, ಒಂದೇ ಒಂದು ದೊಡ್ಡ ಹಾಳೆಯನ್ನ ಡಿಜಿಟಲ್ ಪ್ರಿಂಟ್ ಹಾಕ್ಸಿ ಮಡಚಿ ಪುಸ್ತಕದೊಳಗೆ ಸಿಕ್ಕಿಸಿ. ಕವರಿನ ಹಿಂಬದಿಗೆ ಅದಕ್ಕೇಂತ ಒಂದು ಜೇಬು ಮೊದ್ಲೇ ಮಾಡ್ಸಿದ್ರಂತೂ ಬೇಕಂತ್ಲೇ ಮಾಡಿರೋ ಹಾಗೆ ಕಾಣತ್ತೆ.

ಮಾತಿನ ವಿಷ್ಯ. ಆರ್ಟಿಸ್ಟ್ ಸ್ಟೇಟ್‌ಮೆಂಟ್ ಕೇಳಿದ್ರೆ ಎಲ್ಲರದ್ದೂ ಒಂದೇ ಥರ ಬರತ್ತೆ, ಈಗಂತೂ ಎಐ ಬರ್ಕೊಟ್ಟಿದ್ದು ಅಂತ ಮೊದಲ ಸಾಲಲ್ಲೇ ಗೊತ್ತಾಗತ್ತೆ. ಬರ್ಸೋ ಬದ್ಲು ಮಾತಾಡ್ಸಿ. ಅವ್ರ ಕೆಲಸದ ಮುಂದೆ ನಿಂತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು, "ಈ ಬಣ್ಣ ಯಾಕೆ", "ಇದು ಯಾವ ಜಾಗ" ಅಂತ ಕೇಳಿ, ಅದ್ರಿಂದ 60-70 ಪದ ಎತ್ಕೊಳಿ. ಹಾವೇರಿ ಕಡೆ ಹುಡುಗ ಅವನ ಕನ್ನಡದಲ್ಲೇ ಮಾತಾಡಿದ್ರೆ ಅದನ್ನ ಹಂಗೇ ಹಾಕಿ, ಇಂಗ್ಲಿಷ್ ಬೇಕಾದ್ರೆ ಪಕ್ಕದಲ್ಲಿ ಚಿಕ್ಕದಾಗಿ ಇರ್ಲಿ.

ಫೋಟೋ

ವಾಟ್ಸಾಪ್‌ನಲ್ಲಿ ಫೋಟೋ ತಗೋಬೇಡಿ, ತಗೊಳ್ಳೋದೇ ಆದ್ರೆ ಡಾಕ್ಯುಮೆಂಟ್ ಅಂತ ಕಳ್ಸೋಕೆ ಹೇಳಿ, ಇಲ್ಲಾಂದ್ರೆ ಅದು ಕುಗ್ಗಿಸಿ ಕಳ್ಸತ್ತೆ. 8.5 × 11 ಇಂಚಿನ ಪುಟ ಪೂರ್ತಿ ತುಂಬೋ ಫೋಟೋಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 2550 × 3300 ಪಿಕ್ಸೆಲ್ ಬೇಕು. ಎಲ್ಲಕ್ಕಿಂತ ಒಳ್ಳೇದು ಅಂದ್ರೆ ಒಂದು ರೂಮ್ ಫಿಕ್ಸ್ ಮಾಡಿ ಇಬ್ರೇ ಎಲ್ಲರ ಕೆಲಸನೂ ಶೂಟ್ ಮಾಡೋದು, ಯಾಕಂದ್ರೆ ಒಬ್ಬೊಬ್ರು ಒಂದೊಂದು ಬೆಳಕಲ್ಲಿ ತೆಗೆದಿದ್ದನ್ನ ಆಮೇಲೆ ಎಷ್ಟು ಕರೆಕ್ಷನ್ ಮಾಡಿದ್ರೂ ಪುಸ್ತಕ ಚಿಂದಿ ಚಿಂದಿ ಕಾಣತ್ತೆ.

ಪೇಂಟಿಂಗ್‌ಗೆ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಥರದ ಎರಡು ಲೈಟ್, ರೂಮಿನ ಟ್ಯೂಬ್‌ಲೈಟ್ ಆಫ್, ಕ್ಯಾಮೆರಾ ಟ್ರೈಪಾಡ್ ಮೇಲೆ, ಲೆನ್ಸ್ ಕ್ಯಾನ್ವಾಸಿನ ನಡುಮಧ್ಯಕ್ಕೆ ನೇರ. ಐಎಸ್‌ಒ 100, ಅಪರ್ಚರ್ ಎಫ್ 8 ಹತ್ರ. ಮೊದಲ ಶಾಟ್‌ನಲ್ಲಿ ಒಂದು ಗ್ರೇ ಕಾರ್ಡ್ ಇಟ್ಟು ತೆಗೀರಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅದ್ರಿಂದ ಸೆಟ್ ಆಗತ್ತೆ. ಲೈಟ್ ಇಲ್ಲಾಂದ್ರೆ ಮೋಡ ಮುಚ್ಚಿದ ದಿನ ಕಾರಿಡಾರ್ ಸಾಕು, ಬಿಸಿಲಲ್ಲಿ ಮಾತ್ರ ಬೇಡ. ಎಚಿಂಗ್, ವುಡ್‌ಕಟ್ ಎಲ್ಲ ಗ್ಲಾಸ್ ಫ್ರೇಮ್ ಹಾಕೋಕೆ ಮುಂಚೆನೇ ತೆಗೀಬೇಕು. ಶಿಲ್ಪಕ್ಕೆ ಹಿಂದೆ ಸಾದಾ ಬಟ್ಟೆ, ಪಕ್ಕದಲ್ಲಿ ಸ್ಟೂಲು ಬಕೆಟ್ಟು ಇಲ್ಲದೇ ಇದ್ರೆ ಅಷ್ಟೇ ಪುಣ್ಯ.

ಕ್ಯಾಪ್ಷನ್ ಕ್ರಮ ಒಂದೇ ಇರ್ಲಿ: ಹೆಸರು, ಕೃತಿಯ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ. ಅಳತೆಯಲ್ಲಿ ಎತ್ತರ ಮೊದಲು ಅಗಲ ಆಮೇಲೆ, ಶಿಲ್ಪ ಆದ್ರೆ ಆಳ ಕೊನೆಗೆ. ಇಂಚು ಅಂದ್ರೆ ಎಲ್ಲರಿಗೂ ಇಂಚು, ಸೆಂಟಿಮೀಟರ್ ಅಂದ್ರೆ ಎಲ್ಲರಿಗೂ ಸೆಂಟಿಮೀಟರ್.

ಅಕ್ಷರ, ಇಲ್ಲೇ ಇರೋದು ಇಡೀ ಬ್ರ್ಯಾಂಡಿಂಗ್

ಒಂದು ಕನ್ನಡ ಫಾಂಟ್ ಫ್ಯಾಮಿಲಿ ಆರ್ಸಿ, ಅದನ್ನೇ ಪುಸ್ತಕ, ಪೋಸ್ಟರ್, ಲೇಬಲ್, ಇನ್‌ಸ್ಟಾ ಎಲ್ಲಾ ಕಡೆ ಬಳ್ಸಿ. ದುಡ್ಡು ಕೊಡದೆ ಸಿಗೋದ್ರಲ್ಲೇ ಒಳ್ಳೆವು ಇವೆ. ಅನೇಕ್ ಕನ್ನಡ ನನ್ನ ಮೊದಲ ಆಯ್ಕೆ, ತೆಳುವಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲಾ ಇದೆ, ಅದೇ ಫ್ಯಾಮಿಲಿಯಲ್ಲಿ ಇಂಗ್ಲಿಷೂ ಇದೆ. ಓದೋ ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ ಹಾಕಿ. ಬಾಲೂ ತಮ್ಮ ಚೆನ್ನಾಗಿದೆ, ಆದ್ರೆ ಗುಂಡು ಗುಂಡಗಿರೋದ್ರಿಂದ ಮಕ್ಕಳ ಬೇಸಿಗೆ ಶಿಬಿರದ ಪೋಸ್ಟರ್ ಥರ ಆಗತ್ತೆ, ನಿಮ್ಮ ಶೋ ಮೂಡ್ ನೋಡ್ಕೊಂಡು ಹಾಕಿ. ತುಂಗ ಕಂಪ್ಯೂಟರ್‌ನಲ್ಲಿ ಇದೆ ಅನ್ನೋ ಒಂದೇ ಕಾರಣಕ್ಕೆ ಬಳ್ಸೋದು ಬೇಡ.

ಈಗ ಟೆಕ್ನಿಕಲ್ ತಲೆನೋವು. ಕಾಲೇಜು ಆಫೀಸಿಂದ ಬರೋ ಪ್ರಿನ್ಸಿಪಾಲರ ಸಂದೇಶ ಬಹಳ ಸಲ ಹಳೇ ನುಡಿ ಸಾಫ್ಟ್‌ವೇರ್‌ನಲ್ಲಿ, ಅಂದ್ರೆ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿರತ್ತೆ, ಅದನ್ನ ಯೂನಿಕೋಡ್ ಫಾಂಟ್‌ಗೆ ಹಾಕಿದ್ರೆ ಯಾವ್ದೋ ಭಾಷೆಯ ಗುರುತುಗಳು ಬರ್ತವೆ. ಕನ್ವರ್ಟರ್ ಹಾಕ್ಬೇಕು, ಹಾಕಿದ್ಮೇಲೂ ಅರ್ಕಾವತ್ತು (ರ್ ಗುರುತು), ಅಂಕಿಗಳು, ಕೋಟ್ ಗುರುತು ಇವನ್ನ ಒಂದೊಂದೇ ನೋಡ್ಬೇಕು. ಇನ್‌ಡಿಸೈನ್‌ನಲ್ಲಿ ಕನ್ನಡ ಪೇಸ್ಟ್ ಮಾಡಿದಾಗ ಒತ್ತಕ್ಷರ ಬಿಡಿ ಬಿಡಿಯಾಗಿ ನಿಂತ್ರೆ ಫಾಂಟ್ ತಪ್ಪಲ್ಲ, ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಷನ್‌ಗೆ ಹೋಗಿ ಕಂಪೋಸರ್‌ನ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್‌ಗೆ ಬದಲಾಯ್ಸಿ, ಸರಿಯಾಗತ್ತೆ. ಫೋಟೋಶಾಪು, ಇಲ್ಲಸ್ಟ್ರೇಟರ್‌ನಲ್ಲೂ ಟೈಪ್ ಪ್ರಿಫರೆನ್ಸ್‌ನಲ್ಲಿ ಇಂಥದ್ದೇ ಸೆಟ್ಟಿಂಗ್ ಇದೆ, ಇಂಡಿಕ್ ಅಥವಾ ವರ್ಲ್ಡ್ ರೆಡಿ ಅಂತ ಇರತ್ತೆ.

ಕನ್ನಡಕ್ಕೆ ಸಾಲುಗಳ ಮಧ್ಯೆ ಜಾಗ ಜಾಸ್ತಿ ಬೇಕು. ಇಂಗ್ಲಿಷ್‌ಗೆ 10 ಪಾಯಿಂಟ್‌ಗೆ 13 ಲೀಡಿಂಗ್ ಕೊಟ್ರೆ ನಡೆಯತ್ತೆ, ಕನ್ನಡಕ್ಕೆ 15-16 ಕೊಡಿ, ಇಲ್ಲಾಂದ್ರೆ "ಸ್ತ್ರೀ", "ರಾಷ್ಟ್ರ" ಥರ ಪದ ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ. ಅಕ್ಷರಗಳ ಮಧ್ಯೆ ಟ್ರ್ಯಾಕಿಂಗ್ ಎಳೀಬೇಡಿ. ಅಕ್ಷರನ ಇಳಿಜಾರು (ಇಟಾಲಿಕ್) ಮಾಡ್ಬೇಡಿ, ಕೃತಿಯ ಹೆಸರು ಬೇರೆ ಕಾಣ್ಬೇಕು ಅಂದ್ರೆ ವೇಟ್ (ಅಕ್ಷರದ ದಪ್ಪ) ಬದಲಾಯ್ಸಿ. ಕನ್ನಡದ ಪದಗಳು ಉದ್ದ, ಕಿರಿದಾದ ಕಾಲಂನಲ್ಲಿ ಎರಡೂ ಬದಿ ಜಸ್ಟಿಫೈ ಮಾಡಿದ್ರೆ ಮಧ್ಯೆ ದೊಡ್ಡ ದೊಡ್ಡ ತೂತು ಬೀಳತ್ತೆ, ಎಡಕ್ಕೆ ಅಲೈನ್ ಮಾಡಿ ಬಿಟ್ಬಿಡಿ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಇಡೋದಾದ್ರೆ ಒಂದು ವೇಟ್ ದಪ್ಪ ಹಾಕಿ, ಪ್ರಿಂಟ್‌ನಲ್ಲಿ ಇಂಕ್ ಹರಡಿ ಸಣ್ಣ ಒತ್ತುಗಳು ಮುಚ್ಚಿ ಹೋಗ್ತವೆ.

ಲೋಗೋ ಬೇಕೇ ಬೇಕು ಅನ್ನೋರಿಗೆ, ಈಗ ಮಾಡ್ಕೊಳಿ. ಅಕ್ಷರ ಗೊತ್ತಾಗಿದೆ, ಹೆಸರು ಗೊತ್ತಾಗಿದೆ, ಶೋ ಹೆಸರನ್ನ ಅದೇ ಫಾಂಟ್‌ನಲ್ಲಿ ದಪ್ಪಗೆ ಬರೆದ್ರೆ ಅದೇ ಲೋಗೋ. ಪ್ಯಾಲೆಟ್ಟು, ಬ್ರಷ್ಷು, ಬಣ್ಣ ಚೆಲ್ಲಿದ ಕಲೆ, ಎಲ್ಲದಕ್ಕೂ ವರ್ಲಿ ಗೊಂಬೆ, ಇವು ನಾಲ್ಕೂ ಬೇಡ. ಶೋ ಹೆಸರು ಕೂಡ ಸೃಷ್ಟಿ, ಅನಾವರಣ, ವರ್ಣ ಏನೋ ಒಂದು ಅಂತ ಇಟ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ನಿಮ್ದು ಸಿಗೋದೇ ಇಲ್ಲ. ನಿಮ್ಮ ಸ್ಟುಡಿಯೋದಲ್ಲಿ ದಿನಾ ಕಿವಿಗೆ ಬೀಳೋ ಮಾತು ಹುಡುಕಿ. "ಇನ್ನೂ ಒಣಗಿಲ್ಲ" ಅನ್ನೋದು ಶೋಗೆ ಎಷ್ಟು ಚೆನ್ನಾಗಿರೋ ಹೆಸರು! ಪೋಸ್ಟರ್‌ಗೆ ಪ್ರತಿಯೊಬ್ರ ಕೆಲಸದಿಂದ ಒಂದೊಂದು ತುಣುಕು ಕ್ರಾಪ್ ಮಾಡಿ ಸೀರೀಸ್ ಮಾಡಿ, ಮೇಲೆ ಶೋ ಹೆಸರು, ಕೆಳಗೆ ಅವರ ಹೆಸರು, ಜಾಗ ತಾರೀಖು ಎಲ್ಲದರಲ್ಲೂ ಒಂದೇ ಕಡೆ. ಅವರವರು ಅವರವರದ್ದನ್ನ ಸ್ಟೇಟಸ್ ಹಾಕ್ಕೊಳ್ತಾರೆ, ಪ್ರಚಾರಕ್ಕೆ ಬೇರೆ ಯಾರನ್ನೂ ಬೇಡ್ಕೋಬೇಕಾಗಿಲ್ಲ.

ಪ್ರೆಸ್ ಮೆಟ್ಟಿಲು ಹತ್ತೋ ಮುಂಚೆ

ಸೈಜ್ ಆರಿಸೋದು ಸ್ಕ್ರೀನ್ ಮೇಲಲ್ಲ, ಪೇಪರ್ ಶೀಟ್ ಮೇಲೆ. 23 × 36 ಇಂಚಿನ ಶೀಟನ್ನ ಮಡಚಿದ್ರೆ ಒಂದು ಬದಿಗೆ 8, ಎರಡೂ ಬದಿ ಸೇರಿ 16 ಪುಟ, ಕಟಿಂಗ್ ಆದ್ಮೇಲೆ 8.5 × 11 ಸಿಗತ್ತೆ, ಹೆಚ್ಚು ವೇಸ್ಟ್ ಆಗಲ್ಲ. ಎಲ್ಲರಿಗೂ ಚೌಕ ಪುಸ್ತಕ ಅಂದ್ರೆ ಪ್ರಾಣ, ಮಾಡಿ, ಆದ್ರೆ 8.5 ಚೌಕದೊಳಗೆ ನಿಲ್ಲಿಸ್ಕೊಳಿ. 9.5 ಅಂತ ಹಠ ಹಿಡಿದ್ರೆ ಅದೇ ಶೀಟಲ್ಲಿ ಒಂದು ಬದಿಗೆ 6 ಪುಟ ಮಾತ್ರ ಕೂರತ್ತೆ, ಮಿಕ್ಕಿದ್ದು ಕಟಿಂಗ್ ಮಷಿನ್ ಕೆಳಗೆ ರದ್ದಿ, ಅದಕ್ಕೂ ದುಡ್ಡು ನಿಮ್ದೇ.

ಪುಟದ ಲೆಕ್ಕ 16ರ ಗುಣಿತದಲ್ಲಿ ಇರ್ಲಿ, ತಪ್ಪಿದ್ರೆ 8ರಲ್ಲಿ. 40 ಜನ ಇದ್ದಾರೆ ಅಂದ್ಕೊಳಿ, ತಲಾ ಎರಡು ಪುಟ ಅಂದ್ರೆ 80, ಮುನ್ನುಡಿ, ಸಂದೇಶ, ಅಧ್ಯಾಪಕರ ಪುಟ, ಜಾಹೀರಾತು ಎಲ್ಲ ಸೇರ್ಸಿ 16, ಒಟ್ಟು 96, ಅಂದ್ರೆ ಸರಿಯಾಗಿ ಆರು ಫಾರಂ (16 ಪುಟ ಬರೋ ಒಂದು ಶೀಟೇ ಒಂದು ಫಾರಂ). ಸಂದೇಶಗಳು ಐದಾರು ಬಂದ್ರೆ ಎಲ್ಲಾನೂ ಎರಡು ಪುಟದಲ್ಲಿ ಚಿಕ್ಕದಾಗಿ ಮುಗ್ಸಿ, ದೊಡ್ಡವರ ಫೋಟೋಗೆ ಫುಲ್ ಪೇಜ್ ಕೊಟ್ಟು ಹುಡುಗರ ಕೆಲಸ ಸ್ಟ್ಯಾಂಪ್ ಸೈಜಿಗೆ ಇಳ್ಸೋ ಪುಸ್ತಕಗಳು ಬೇಕಾದಷ್ಟು ಇವೆ.

ಒಳಗೆ 130 ಜಿಎಸ್ಎಂ (ಹಾಳೆಯ ತೂಕದ ಅಳತೆ) ಮ್ಯಾಟ್ ಆರ್ಟ್ ಪೇಪರ್, ಕವರ್‌ಗೆ 300 ಜಿಎಸ್ಎಂ ಆರ್ಟ್ ಕಾರ್ಡ್, ಸಾಮಾನ್ಯವಾಗಿ ಇದು ಸರಿಹೋಗತ್ತೆ. ಗ್ಲಾಸಿ (ಹೊಳಪಿನ) ಪೇಪರ್ ಬೇಡ, ಪೇಂಟಿಂಗ್ ಮೇಲೆ ಟ್ಯೂಬ್‌ಲೈಟ್ ಹೊಳೆಯತ್ತೆ. ಆರ್ಟ್ ಪೇಪರ್‌ಗೆ ಬರೀ ಗಮ್ ಹಾಕಿದ ಪರ್ಫೆಕ್ಟ್ ಬೈಂಡಿಂಗ್ ಮಾಡಿದ್ರೆ ನಾಲ್ಕು ಸಲ ಬಿಡಿಸೋವಷ್ಟರಲ್ಲಿ ಪುಟ ಕೈಗೆ ಬರತ್ತೆ, ಹೊಲಿಗೆ ಹಾಕ್ಸಿ. ಆಗ ಪುಸ್ತಕ ಪೂರ್ತಿ ಬಿಚ್ಚಿ ಕೂರೋದ್ರಿಂದ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗನೂ ಕಾಣತ್ತೆ. ಆದ್ರೂ ಮುಖ, ಕೈ ಥರದ್ದು ಮಡಿಕೆಯಲ್ಲಿ ಬರೋ ಹಾಗೆ ಇಡ್ಬೇಡಿ. 96 ಪುಟ ಅಂದ್ರೆ 48 ಹಾಳೆ, ಬೆನ್ನು ಸುಮಾರು 5 ಮಿಲಿಮೀಟರ್ ಬರತ್ತೆ, ಅದ್ರ ಮೇಲೆ ಹೆಸರು ಹಾಕೋ ಮುಂಚೆ ಪ್ರೆಸ್‌ನವ್ರ ಹತ್ರ ಅದೇ ಪೇಪರ್‌ನಲ್ಲಿ ಖಾಲಿ ಡಮ್ಮಿ ಮಾಡಿಸ್ಕೊಂಡು ಅಳೀರಿ.

ನೂರಿನ್ನೂರು ಕಾಪಿ ಅಂದ್ರೆ ಡಿಜಿಟಲ್, ಅದಕ್ಕಿಂತ ಮೇಲೆ ಹೋದ್ರೆ ಆಫ್‌ಸೆಟ್ ಕೊಟೇಷನ್ನೂ ತಗೊಳಿ. ಕೊಟೇಷನ್ ಕೇಳುವಾಗ "ಪುಸ್ತಕಕ್ಕೆ ಎಷ್ಟಾಗತ್ತೆ ಸಾರ್" ಅಂದ್ರೆ ಬಾಯಿಗೆ ಬಂದದ್ದು ಹೇಳ್ತಾರೆ. ಸೈಜು, ಪುಟ, ಒಳ ಪೇಪರ್, ಕವರ್ ಪೇಪರ್, ಎಷ್ಟು ಕಲರ್, ಲ್ಯಾಮಿನೇಷನ್, ಬೈಂಡಿಂಗ್, ಕಾಪಿ, ಡೆಲಿವರಿ ತಾರೀಖು, ಇದಿಷ್ಟನ್ನ ಒಂದು ಹಾಳೇಲಿ ಬರ್ಕೊಂಡು ಮೂರು ಕಡೆ ಅದೇ ಹಾಳೆ ತೋರ್ಸಿ. ಬೆಂಗಳೂರಿನವ್ರಾದ್ರೆ ಪೇಪರ್ ಮುಟ್ಟಿ ನೋಡೋಕೆ ಸುಲ್ತಾನ್‌ಪೇಟೆ, ಅವೆನ್ಯೂ ರೋಡ್ ಕಡೆ ಒಂದು ಮಧ್ಯಾಹ್ನ ಓಡಾಡಿ, ಕಾರ್ಡ್ ಅಂಗಡಿಗಳಲ್ಲಿ ಎಂಥೆಂಥ ಹಾಳೆ ಇದೆ ಅಂತ ಗೊತ್ತಾಗತ್ತೆ.

ಫೈಲು ಸಿಎಂವೈಕೆಯಲ್ಲಿ (ಪ್ರಿಂಟಿನ ನಾಲ್ಕು ಇಂಕಿನ ಲೆಕ್ಕ), ಸುತ್ತ 3 ಮಿಲಿಮೀಟರ್ ಬ್ಲೀಡ್ (ಕಟಿಂಗ್‌ಗೆ ಹೋಗೋ ಅಂಚು), ಪಠ್ಯದ ಕಪ್ಪು ಬರೀ ಕೆ 100, ಅಂದ್ರೆ ಕಪ್ಪು ಇಂಕು ಒಂದೇ. ಸ್ಕ್ರೀನ್‌ನಲ್ಲಿ ಉರಿಯೋ ಕಿತ್ತಳೆ, ಗಿಳಿ ಹಸಿರು, ಅಲ್ಟ್ರಾಮರೀನ್ ನೀಲಿ ಪ್ರಿಂಟ್‌ನಲ್ಲಿ ಮಂಕಾಗತ್ತೆ, ಇಂಥ ಬಣ್ಣ ಇರೋ ಎರಡು ಮೂರು ಪುಟನ ಅದೇ ಪೇಪರ್ ಮೇಲೆ ಪ್ರೂಫ್ ತೆಗೆಸಿ ಆ ಪೇಂಟಿಂಗ್ ಪಕ್ಕ ಹಿಡಿದು ನೋಡಿ.

ಕವರ್ ಬಗ್ಗೆ ನಂದೊಂದು ಆಸೆ. ನಿಮ್ಮ ಕಾಲೇಜಿನಲ್ಲೇ ಅಚ್ಚುಕಲೆ ವಿಭಾಗ ಇದೆ, ಪ್ರೆಸ್ ಇದೆ, ಇಂಕ್ ಇದೆ, ಇಷ್ಟಿದ್ದೂ ಕವರ್‌ನ ಹೊರಗಡೆ ಪ್ರಿಂಟ್ ಹಾಕ್ಸಿ ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಹೊಡ್ಸೋದು ಯಾಕೆ? ಲ್ಯಾಮಿನೇಷನ್ ಇಲ್ಲದ ದಪ್ಪ ಹಾಳೆ ತಂದು ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟೋ ಲೈನೋಕಟ್ಟೋ ಹಾಕಿ, ಸುತ್ತ ಟ್ರಿಮ್ ಆಗೋಷ್ಟು ಅಂಚು ಬಿಟ್ಟು, ಪೂರ್ತಿ ಒಣಗಿದ್ಮೇಲೆ ಬೈಂಡಿಂಗ್‌ನವ್ರಿಗೆ ಕೊಡಿ. ಹತ್ತು ಹದಿನೈದು ಕವರ್ ಜಾಸ್ತಿನೇ ಅಚ್ಚು ಹಾಕಿ, ಬೈಂಡಿಂಗ್‌ನಲ್ಲಿ ಒಂದಷ್ಟು ಹಾಳಾಗೇ ಆಗತ್ತೆ.

ಗೋಡೆ

ಪುಸ್ತಕದ ಗ್ರಿಡ್ಡನ್ನೇ ಗೋಡೆಗೆ ತನ್ನಿ. ಪುಸ್ತಕದಲ್ಲಿ ಹೆಸರು ಎಡಕ್ಕೆ ದಪ್ಪಗೆ, ಕ್ಯಾಪ್ಷನ್ ಕೆಳಗೆ ತೆಳ್ಳಗೆ ಇದ್ರೆ ಲೇಬಲ್‌ನಲ್ಲೂ ಹಂಗೇ. ಲೇಬಲ್ಲು 4 × 2.5 ಇಂಚು, 300 ಜಿಎಸ್ಎಂ ಕಾರ್ಡನ್ನ ಸನ್‌ಬೋರ್ಡ್‌ಗೆ ಅಂಟಿಸಿ, ಅಕ್ಷರ 14 ಪಾಯಿಂಟ್‌ಗಿಂತ ಕಮ್ಮಿ ಬೇಡ, ಅಜ್ಜ ಅಜ್ಜಿನೂ ಓದ್ಬೇಕು. ಕೃತಿಯ ಬಲಗಡೆ ಕೆಳಗೆ, ಎಲ್ಲಾ ಲೇಬಲ್ಲೂ ನೆಲದಿಂದ ಒಂದೇ ಎತ್ತರಕ್ಕೆ, ದಾರ ಕಟ್ಟಿ ಅಳೆದು ಅಂಟಿಸಿ. ಚಿತ್ರಗಳ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರ್ಲಿ. ಕ್ಯುಆರ್ ಕೋಡ್ ಹಾಕ್ತೀರಂದ್ರೆ, ಎಷ್ಟು ದೂರದಿಂದ ಸ್ಕ್ಯಾನ್ ಮಾಡ್ತಾರೋ ಅದ್ರ ಹತ್ತನೇ ಒಂದು ಭಾಗ ಅಗಲ ಬೇಕು, ಲೇಬಲ್‌ಗೆ 3 ಸೆಂಟಿಮೀಟರ್ ಸಾಕು. ಬೆಲೆ ಲೇಬಲ್ ಮೇಲೆ ಹಾಕ್ಬೇಡಿ, ನಂಬರ್ ಹಾಕಿ, ರೇಟ್ ಪಟ್ಟಿ ಟೇಬಲ್ ಹತ್ರ ಇರ್ಲಿ, ಮಾರಾಟ ಆದ್ರೆ ಕೆಂಪು ಚುಕ್ಕೆ.

ಒಳಗೆ ಬರ್ತಿದ್ದ ಹಾಗೇ ಕಾಣೋ ಗೋಡೆ ಮೇಲೆ ಶೋ ಹೆಸರೂ ಎಲ್ಲರ ಹೆಸರೂ ಸ್ಟಿಕ್ಕರ್ ಕಟಿಂಗ್‌ನಲ್ಲಿ ಹಾಕ್ಸೋದು ಚೆಂದ. ಇಲ್ಲೊಂದು ವಿಷ್ಯ ಸ್ಟಿಕ್ಕರ್ ಅಂಗಡಿಯವ್ರೂ ಹೇಳಲ್ಲ. ಕನ್ನಡ ಫಾಂಟ್‌ಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಎಲ್ಲ ಬೇರೆ ಬೇರೆ ಆಕಾರಗಳು ಒಂದರ ಮೇಲೊಂದು ಕೂತಿರ್ತವೆ. ಔಟ್‌ಲೈನ್ ಮಾಡಿ ಹಂಗೇ ಕಳ್ಸಿದ್ರೆ ಮಷಿನ್ನಿನ ಬ್ಲೇಡು ಆ ಎಲ್ಲಾ ಗೆರೆಗಳನ್ನೂ ಕತ್ತರಿಸ್ಕೊಂಡು ಹೋಗತ್ತೆ, ಅಕ್ಷರದ ಒಳಗೇ ಸೀಳು ಬೀಳತ್ತೆ, ಗೋಡೆಗೆ ಅಂಟಿಸುವಾಗ ಕೊಂಬು ಒಂದ್ಕಡೆ ದೀರ್ಘ ಒಂದ್ಕಡೆ. ಇಲ್ಲಸ್ಟ್ರೇಟರ್‌ನಲ್ಲಿ ಪಾತ್‌ಫೈಂಡರ್‌ನ ಯುನೈಟ್, ಕೋರೆಲ್‌ನಲ್ಲಿ ವೆಲ್ಡ್ ಕೊಟ್ಟು, ಔಟ್‌ಲೈನ್ ವ್ಯೂನಲ್ಲಿ ಒಳಗೆರೆ ಯಾವ್ದೂ ಉಳಿದಿಲ್ಲ ಅಂತ ನೋಡಿನೇ ಕಳ್ಸಿ. ಒಂದಿಂಚಿಗಿಂತ ಚಿಕ್ಕ ಅಕ್ಷರಗಳನ್ನ ಸ್ಟಿಕ್ಕರ್‌ನಲ್ಲಿ ಮಾಡಿಸ್ಬೇಡಿ, ಒತ್ತಕ್ಷರಗಳು ಕಿತ್ತು ಬರ್ತವೆ.

ಹೊರಗಿನ ಬ್ಯಾನರ್‌ಗೆ ಫ್ಲೆಕ್ಸ್ ಹೋಗ್ಬೇಡಿ, ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸು ಬ್ಯಾನರ್ರೂ ಸೇರಿವೆ, ಬೇರೆಯವ್ರು ಹಾಕ್ತಾರಲ್ಲ ಅಂತ ನೀವು ಹಾಕಿದ್ರೆ ಚೆನ್ನಾಗಿರಲ್ಲ. ಬಟ್ಟೆ ತಂದು ಕೈಯಲ್ಲೇ ಬರೀರಿ, ನಿಮ್ಮ ಕ್ಲಾಸಲ್ಲಿ ಬೋರ್ಡ್ ಬರೆಯೋ ಕೈ ಒಂದಾದ್ರೂ ಇರತ್ತೆ. ಬರೆಯೋರಿಗೆ ಪ್ರೊಜೆಕ್ಟರ್‌ನಲ್ಲಿ ಶೋ ಹೆಸರನ್ನ ಬಟ್ಟೆ ಮೇಲೆ ಬಿಟ್ಟು ಗೆರೆ ಹಾಕ್ಕೊಟ್ರೆ ಫಾಂಟು ಅದೇ ಉಳಿಯತ್ತೆ.

ಆಹ್ವಾನ ಪತ್ರಿಕೆ ಮಾತ್ರ ಬೇರೇನೇ ಲೋಕ. ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಈ ಪಟ್ಟಿ ಹಿಂದಿನ ದಿನದವರೆಗೂ ಬದಲಾಗ್ತಾನೇ ಇರತ್ತೆ, ಯಾರ ಹೆಸರು ಯಾರ ಮೇಲೆ ಅಂತ ಆಫೀಸಲ್ಲಿ ಚರ್ಚೆ ಬೇರೆ. ಹಂಗಾಗಿ ಪೋಸ್ಟರ್‌ನಲ್ಲಿ ಅತಿಥಿಗಳ ಹೆಸರು ಹಾಕ್ಲೇಬೇಡಿ, ಶೋ ಹೆಸರು, ತಾರೀಖು, ಸಮಯ, ಜಾಗ ಅಷ್ಟೇ ಸಾಕು. ಅತಿಥಿಗಳ ಪಟ್ಟಿ ಇನ್ವಿಟೇಷನ್‌ನಲ್ಲಿ ಮಾತ್ರ, ಅದನ್ನ ಮೊಬೈಲ್‌ಗೆ ಕಳ್ಸೋ ಇಮೇಜ್ ಆಗಿ ಇಟ್ಕೊಂಡು, ಆಫೀಸಿನ ಪ್ರಕಾರದ ಕಾರ್ಡ್ ಬೇಕೇ ಬೇಕು ಅಂದ್ರೆ ಐವತ್ತೋ ನೂರೋ ಕೊನೇಲಿ ಡಿಜಿಟಲ್ ಪ್ರಿಂಟ್ ಹೊಡ್ಸಿ.

ಶೋ ಮುಗಿದ ವಾರದಲ್ಲೇ ಇನ್‌ಡಿಸೈನ್ ಫೈಲನ್ನ ಪ್ಯಾಕೇಜ್ ಮಾಡಿ, ಫಾಂಟು ಫೋಟೋ ಎಲ್ಲ ಸಮೇತ ಮುಂದಿನ ಬ್ಯಾಚಿನವ್ರ ಡ್ರೈವ್‌ಗೆ ಹಾಕಿ, ವಾಟ್ಸಾಪ್‌ನಲ್ಲಿ ಓಡಾಡೋಕೆ ಒಂದು ಚಿಕ್ಕ ಪಿಡಿಎಫ್ ಬೇರೆ ಮಾಡಿ. ಎರಡು ಕಾಪಿ ಕಾಲೇಜು ಲೈಬ್ರರಿಗೆ ಕೊಡಿ, ಕೊಟ್ಟು ಬಂದ್ಬಿಡ್ಬೇಡಿ, ಸೀಲ್ ಹೊಡೆದು ರಿಜಿಸ್ಟರ್‌ನಲ್ಲಿ ನಂಬರ್ ಹಾಕೋವರೆಗೂ ಅಲ್ಲೇ ನಿಂತಿರಿ, ಇಲ್ಲಾಂದ್ರೆ ಅದು ಸ್ಟಾಫ್ ರೂಮಿನ ಬೀರು ಸೇರತ್ತೆ.